ಆ ಕರಿ ಮಿಠಾಯಿ ರುಚಿ ನಿನಗೆ ಗೊತ್ತಿರೋದೇ ಮಾರಾಯ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಎರಡು ವಾರ ಆಯ್ತು, ಆಫೀಸಿನಲ್ಲಿ ಪಕ್ಕದ ಮೇಜಿನವರು ಕೊಟ್ಟ ಕರಿ ಮಿಠಾಯಿ ಬಾಯಿಗೆ ಹಾಕಿಕೊಂಡು ಉಗುಳೋಕೆ ಜಾಗ ಹುಡುಕಿದೆ, ಇಲ್ಲಿಯ ತಿಂಡಿಯೆಲ್ಲ ಹೀಗೇನಾ ಅಣ್ಣ, ಸಸ್ಯಾಹಾರಿ ನಾನು ಏನು ತಿನ್ನಲಿ ಅಂತ ಕೇಳಿದ್ದೀಯ. ಓದಿ ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. 14 ವರ್ಷದ ಹಿಂದೆ ಯೂಟ್ರೆಕ್ಟ್‌ಗೆ ಬಂದ ಹೊಸದರಲ್ಲಿ ನನಗೂ ಇದೇ ಆಗಿತ್ತು. ನೀನಾದರೂ ಜಾಗ ಹುಡುಕಿದೆ. ನಾನು ಮೀಟಿಂಗಿನ ಮಧ್ಯೆ ಕರ್ಚೀಫಿನಲ್ಲಿ ಉಗುಳಿ ಜೇಬಿಗೆ ತುರುಕಿದೆ, ಅದು ಅಲ್ಲೇ ಕರಗಿ ಪ್ಯಾಂಟು ಹಾಳಾಯಿತು.

ಅದರ ಹೆಸರು ಡ್ರಾಪ್. ಇಲ್ಲಿನವರಿಗೆ ಅದು ನಮಗೆ ಕಡಲೆ ಮಿಠಾಯಿ ಇದ್ದ ಹಾಗೆ. ವರ್ಷಕ್ಕೆ ತಲೆಗೆ ಸುಮಾರು 2 ಕೆ.ಜಿ. ತಿನ್ನುತ್ತೇವೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾಣ್ಯದ ಆಕಾರ, ಬೆಕ್ಕಿನ ಆಕಾರ, ಜೇನುಗೂಡಿನ ಆಕಾರ, ಅಂಗಡಿಯಲ್ಲಿ ಒಂದು ಗೋಡೆ ತುಂಬ ಅದೇ ಇರುತ್ತೆ. ಸಿಹಿದು ಇದೆ, ಉಪ್ಪಿಂದು ಇದೆ, ಇನ್ನು ಡಬಲ್ ಝೌಟ್ ಅಂದರೆ ಎರಡು ಪಟ್ಟು ಉಪ್ಪು. ಕೆಲವದರ ಮೇಲೆ ಡಿ ಝಡ್ ಅಂತ ಅಚ್ಚು ಹಾಕಿರುತ್ತಾರೆ. ನಿನಗೆ ಕೊಟ್ಟಿದ್ದು ಅದೇ ಇರಬೇಕು. ಹೊಸಬರಿಗೆ ಅದನ್ನೇ ಕೊಟ್ಟು ಮುಖ ನೋಡುವುದು ಇವರಿಗೊಂದು ಆಟ, ಕೆಟ್ಟ ಮನಸ್ಸೇನೂ ಇಲ್ಲ.

ನಾನು ಮೊದಲ ಎರಡು ವರ್ಷ ಅದನ್ನು ಮುಟ್ಟಲಿಲ್ಲ. ಇವರ ನಾಲಿಗೆಯೇ ಬೇರೆ ಅಂದುಕೊಂಡು ಸುಮ್ಮನಾಗಿದ್ದೆ. ಆಮೇಲೆ ಒಂದು ಸಲ ರಜೆಗೆ ಚಿಕ್ಕಮಗಳೂರಿಗೆ ಹೋದಾಗ, ಅಲ್ಲಿಂದ ಆಲ್ದೂರು ಕಡೆಯ ನಮ್ಮ ಮನೆಗೆ, ಹುಡುಗರನ್ನು ಗೋಳುಹೊಯ್ದುಕೊಳ್ಳೋಣ ಅಂತ ಒಂದು ಪ್ಯಾಕೆಟ್ ತಗೊಂಡು ಹೋದೆ. ಹುಡುಗರೆಲ್ಲ ಥೂ ಅಂತ ಅಂಗಳಕ್ಕೆ ಉಗುಳಿದರು. ಅಜ್ಜಿ ಮಾತ್ರ ಎಲೆಅಡಿಕೆ ಥರ ದವಡೆಗೆ ಸೇರಿಸಿಕೊಂಡು ಜಗಲಿ ಮೇಲೆ ಕೂತೇ ಇದ್ದಳು. ಆಮೇಲೆ ನಿಧಾನಕ್ಕೆ, "ಇದು ಅತಿಮಧುರ ಅಲ್ವೇನೋ? ಅದಕ್ಕೆ ಯಾಕೆ ಕಲಾಯಿಯವನ ನವಸಾಗರ ಹಾಕಿದ್ದಾರೆ?" ಅಂದಳು.

ಪ್ಯಾಕೆಟ್ ತಿರುಗಿಸಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಮೊದಲನೆಯದು ಅತಿಮಧುರದ ಬೇರಿನ ರಸ, ಕೆಮ್ಮು ಬಂದಾಗ ಕಡ್ಡಿ ಮುರಿದು ಬಾಯಿಗೆ ಇಡುತ್ತಿದ್ದರಲ್ಲ, ಅದೇ. ಇನ್ನೊಂದು ಸಾಲ್ಮಿಯಾಕ್, ಅಂದರೆ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ನೀನು ಚಿಕ್ಕವನು, ಕಲಾಯಿ ಹಾಕೋದು ನೋಡಿದ್ದೀಯೋ ಇಲ್ಲವೋ. ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ತವರ ಮುಟ್ಟಿಸಿ, ನವಸಾಗರದ ಪುಡಿ ಉದುರಿಸಿ ಹತ್ತಿಯಲ್ಲಿ ಉಜ್ಜಿದರೆ ಬುಸ್ಸಂತ ಬಿಳಿ ಹೊಗೆ ಎದ್ದು ಮೂಗು ಸುಟ್ಟ ಹಾಗಾಗುತ್ತೆ. ಡ್ರಾಪ್ ಬಾಯಿಗೆ ಹಾಕಿದಾಗ ಮೂಗಿಗೆ ಹೊಡೆದಿದ್ದು ಅದೇ ಘಾಟು. ಕಲಾಯಿ ನೋಡಿಲ್ಲ ಅಂದರೂ ಕೆಮ್ಮಿನ ಸಿರಪ್ ಕುಡಿದಿರುತ್ತೀಯಲ್ಲ, ಎಷ್ಟೋ ಬಾಟಲಿಗಳ ಮೇಲೆ ಅಮೋನಿಯಂ ಕ್ಲೋರೈಡ್ ಅಂತ ಬರೆದಿರುತ್ತೆ. ನಮಗೆ ಔಷಧಿ, ಇವರಿಗೆ ಮಿಠಾಯಿ. ಮಿಠಾಯಿ ಅಂದುಕೊಂಡು ಬಾಯಿಗೆ ಹಾಕಿದ್ದಕ್ಕೆ ನಾವಿಬ್ಬರೂ ಮೋಸ ಹೋಗಿದ್ದು.

ಇನ್ನೊಂದು ಸಲ ನೋಡೋ ಮನಸ್ಸಿದ್ದರೆ ಸಿಹಿದರಿಂದ ಶುರು ಮಾಡು, ಜೇನುಗೂಡಿನ ಆಕಾರದ್ದು ಗಂಟಲಿಗೂ ಹಿತ. ಕಚ್ಚಬೇಡ, ಬಿಟ್ಟರೆ ತಾನೇ ಕರಗುತ್ತೆ. ಆದರೆ ಸಸ್ಯಾಹಾರಿ ಅಂದೆಯಲ್ಲ, ಪ್ಯಾಕೆಟ್ ಹಿಂದೆ ಗೆಲಾಟಿನ್ ಇದೆಯಾ ನೋಡಲೇಬೇಕು, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡೋದು. ಅದರ ಬದಲು ಮರದ ಗೋಂದು ಹಾಕಿದವೂ ಸಿಗುತ್ತವೆ, ವೀಗನ್ ಅಂತ ಬರೆದಿರುತ್ತೆ. ನಾನು ಇದನ್ನು ತಿಳಿಯೋ ಹೊತ್ತಿಗೆ ಎಷ್ಟು ತಿಂದಿದ್ದೆನೋ, ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಮತ್ತೆ, ಮನೆಯಲ್ಲಿ ಬಿಪಿ ಇರುವವರಿಗೆ ತಗೊಂಡು ಹೋಗಬೇಡ. ಅತಿಮಧುರ ಜಾಸ್ತಿ ಆದರೆ ಬಿಪಿ ಏರುತ್ತೆ, ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತೆ.

ಉಳಿದ ತಿಂಡಿಯೆಲ್ಲ ಹೀಗಿಲ್ಲ, ಹೆದರಬೇಡ. ಸ್ಟೇಷನ್ನಿನ ಗೋಡೆಯ ಗೂಡುಗಳಿಂದ ದುಡ್ಡು ಹಾಕಿ ತೆಗೆಯುತ್ತಾರಲ್ಲ, ಆ ಕ್ರೋಕೆಟ್ ಅನ್ನೋ ಕರಿದ ತಿಂಡಿ ಹೆಚ್ಚುಕಮ್ಮಿ ಮಾಂಸದ್ದೇ, ಬಿಟ್ಟುಬಿಡು. ಆಲೂಗಡ್ಡೆ ಫ್ರೈಸ್ ಮೇಲೆ ಮಯೊನೇಸ್, ಇಂಡೋನೇಷ್ಯಾ ಕಡೆಯಿಂದ ಬಂದ ಕಡಲೆಕಾಯಿ ಸಾಸು, ಹಸಿ ಈರುಳ್ಳಿ ಸುರಿದು ಕೊಡೋದಕ್ಕೆ "ಯುದ್ಧ" ಅಂತ ಹೆಸರಿಟ್ಟಿದ್ದಾರೆ. ಮಯೊನೇಸಿನಲ್ಲಿ ಮೊಟ್ಟೆ ಇರುತ್ತೆ, ಅದು ಬೇಡ ಅಂದರೆ ಕಡಲೆಕಾಯಿ ಸಾಸು ಮಾತ್ರ ಕೇಳು, ನಮ್ಮ ಚಟ್ನಿಯ ದೂರದ ನೆಂಟನ ಹಾಗಿರುತ್ತೆ. ಪೋಫರ್ಚೆಸ್ ಅಂತ ಒಂದಿದೆ, ಅದರ ಕಾವಲಿ ನೋಡಿದರೆ ಪಡ್ಡಿನ ಕಾವಲಿಯನ್ನು ಯಾರೋ ಹಾಸನದಿಂದ ಎತ್ತಿಕೊಂಡು ಬಂದಿದ್ದಾರೆ ಅನ್ನಿಸುತ್ತೆ, ಮೇಲೆ ಬೆಣ್ಣೆ, ಸಕ್ಕರೆ ಪುಡಿ. ಅದಕ್ಕೂ ಬಹಳ ಕಡೆ ಮೊಟ್ಟೆ ಹಾಕುತ್ತಾರೆ, ಕೇಳಿ ತಗೋ.

ಸ್ಟ್ರೋಪ್‌ವಾಫೆಲ್ ವಿಷಯಕ್ಕೆ ಮಾತ್ರ ನಾನು ಯಾರ ಹತ್ತಿರವೂ ವಾದ ಮಾಡೋಕೆ ತಯಾರು. ಎರಡು ತೆಳು ಹಾಳೆಗಳ ಮಧ್ಯೆ ಬೆಲ್ಲದ ಪಾಕದಂಥ ಪಾಕ. ಇದರ ಊರು ಗೌಡಾ. ಇಲ್ಲಿನವರು ಖೌಡಾ ಅಂತ ಗಂಟಲು ಕೆರೆದು ಹೇಳುತ್ತಾರೆ, ಹಾಸನದವನಿಗೆ ಅದನ್ನು ಗೌಡ ಅಂತ ಓದೋಕೆ ಹೇಳಿಕೊಡಬೇಕಾ? ಪ್ಯಾಕೆಟ್ಟಿನದು ತಿಂದು ತೀರ್ಪು ಕೊಡಬೇಡ. ಸಂತೆಯಲ್ಲಿ ಕಣ್ಣೆದುರೇ ಸುಟ್ಟು ಕೊಡೋದನ್ನು ತಿನ್ನು. ಪ್ಯಾಕೆಟ್ಟಿನದೇ ಗತಿ ಅಂದರೆ ಬಿಸಿ ಕಾಫಿ ಲೋಟದ ಮೇಲೆ ಮುಚ್ಚಳದ ಹಾಗೆ ಎರಡು ನಿಮಿಷ ಇಡು, ಹಬೆಗೆ ಪಾಕ ಮೆತ್ತಗಾಗುತ್ತೆ.

ಒಂದು ಶನಿವಾರ ಯೂಟ್ರೆಕ್ಟ್‌ಗೆ ಬಾ, ರೈಲಿನಲ್ಲಿ ಒಂದು ಗಂಟೆಯೂ ಆಗಲ್ಲ. ಸ್ಟೇಷನ್ ಪಕ್ಕದಲ್ಲೇ ಸಂತೆ ಇದೆ, ಬಿಸಿದು ನಾನು ಕೊಡಿಸುತ್ತೇನೆ. ಆದರೆ ಕಾಫಿ ಮಾತ್ರ ಇಲ್ಲಿಯದು ನನಗೆ ಇನ್ನೂ ಒಗ್ಗಿಲ್ಲ. ಮಲಬಾರಿನಿಂದ ಕಾಫಿ ಗಿಡ ಜಾವಾಕ್ಕೆ ಸಾಗಿಸಿದ ಜನ ಇವರು, ಕುಡಿಯೋದು ನೋಡಿದರೆ ಕಣ್ಣೀರು ಬರುತ್ತೆ. ಡಿಸೆಂಬರಿನಲ್ಲಿ ಊರಿಗೆ ಹೋದರೆ ಚಿಕ್ಕಮಗಳೂರು ಕಡೆ ಹಾದು ಬರುವಾಗ ಅರ್ಧ ಕೆ.ಜಿ. ಪುಡಿ ತಂದುಕೊಡು, ಚಿಕೋರಿ 20 ಪರ್ಸೆಂಟ್ ಸಾಕು. ಬದಲಿಗೆ ನಿಮ್ಮ ಅಜ್ಜಿಗೆ ಒಂದು ಪ್ಯಾಕೆಟ್ ಡಿ ಝಡ್ ಕೊಡುತ್ತೇನೆ, ಬಿಪಿ ಇಲ್ಲ ತಾನೆ?