ಮುಟ್ಟು ನಿಂತ ಮೇಲೆ ಬಂದ ಹೊಟ್ಟೆ, ಅಕ್ಯುಪಂಕ್ಚರ್‌ಗೆ ಕರಗುತ್ತಾ?

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷ ಆಯಿತು. ಆಮೇಲೆ 9 ಕಿಲೋ ಜಾಸ್ತಿ ಆಗಿದ್ದೇನೆ, ಅದೂ ಹೊಟ್ಟೆಯ ಸುತ್ತಲೇ. ಊಟ ಮಾತ್ರ ಮೊದಲಿನಷ್ಟೇ. ಹೊಟ್ಟೆಗೆ ಸೂಜಿ ಚುಚ್ಚಿ, ಕಿವಿಗೆ ಬೀಜ ಅಂಟಿಸಿ ಒಂದೇ ತಿಂಗಳಲ್ಲಿ ತೂಕ ಇಳಿಸುತ್ತೇವೆ ಎಂದು ಒಂದು ಕಡೆ ಹೇಳಿದ್ದಾರೆ. ಹೋಗಬಹುದೇ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ: ಊಟ ಮೊದಲಿನಷ್ಟೇ ಎಂದು ಬರೆದಿದ್ದೀರಿ. ನಾನು ಅದನ್ನು ನಂಬುತ್ತೇನೆ. ಈ ವಯಸ್ಸಿನ ಹೆಂಗಸರು ಇದನ್ನು ಹೇಳಿದಾಗ ಎದುರಿಗಿದ್ದವರು ಸುಮ್ನೆ ನಕ್ಕುಬಿಡುತ್ತಾರೆ. ಅದು ತಪ್ಪು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ತೊಡೆ, ಸೊಂಟದ ಕಡೆ ಸೇರುತ್ತಿದ್ದ ಕೊಬ್ಬು ಈಗ ಹೊಟ್ಟೆಯೊಳಗೆ, ಕರುಳು, ಯಕೃತ್ತಿನ ಸುತ್ತ ಸೇರತೊಡಗುತ್ತದೆ. ಜೊತೆಗೆ ವಯಸ್ಸಾದಂತೆ ಸ್ನಾಯು ಕರಗುತ್ತದೆ. ಸ್ನಾಯು ಕಡಿಮೆಯಾದರೆ ಸುಮ್ಮನೆ ಕೂತಾಗ ದೇಹ ಸುಡುವ ಕ್ಯಾಲೊರಿಯೂ ಕಡಿಮೆ. ಇನ್ನು ರಾತ್ರಿ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತಿದ್ದರೆ ಮರುದಿನ ಹಸಿವೂ ಜಾಸ್ತಿ. ಹಾಗಾಗಿ ಅದೇ ಊಟ ಈಗ ನಿಮ್ಮ ದೇಹಕ್ಕೆ ಹೆಚ್ಚಾಗುತ್ತಿದೆ.

ಈಗ ಸೂಜಿಯ ವಿಷಯ. ಮೈಯ ನಿರ್ದಿಷ್ಟ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನಾದ ಹಳೆಯ ಚಿಕಿತ್ಸೆಯೇ ಅಕ್ಯುಪಂಕ್ಚರ್. ಕುರ್ಚಿಯಲ್ಲಿ ಕೂತು ಮಂಡಿ ಮಡಚಿ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಡ್ಡ ಇಡಿ. ಅಲ್ಲಿಂದ ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಉದ್ದ ಮೂಳೆಯ ಹೊರಬದಿಗೆ ಒಂದು ಬೆರಳಿನಷ್ಟು ಸರಿದು ಒತ್ತಿ. ಮಂದವಾದ ನೋವು, ಒಂಥರಾ ಭಾರ ಅನಿಸುತ್ತದೆ ಅಲ್ವಾ? ಅದೇ ಝುಸಾನ್ಲಿ ಎಂಬ ಬಿಂದು. ತೂಕ ಇಳಿಸುವ ಚಿಕಿತ್ಸೆಯಲ್ಲಿ ತುಂಬಾ ಬಳಸುವ ಬಿಂದುಗಳಲ್ಲಿ ಒಂದು. ಹೊಕ್ಕುಳಿನ ಎರಡೂ ಬದಿಯ ತಿಯಾನ್‌ಶು, ಹೊಕ್ಕುಳಿನ ಮೇಲಿನ ಝೋಂಗ್‌ವಾನ್ ಕೂಡ ಹಾಗೆಯೇ. ಇವುಗಳಿಗೆ ಸೂಜಿ ಚುಚ್ಚುತ್ತಾರೆ, ಸೂಜಿಗೆ ಸಣ್ಣ ಕರೆಂಟ್ ಕೊಡುತ್ತಾರೆ, ಇಲ್ಲವೇ ಬೆರಳಿನಿಂದ ಒತ್ತುತ್ತಾರೆ. ಕಿವಿಗಾದರೆ ಸಾಸಿವೆಯಂಥ ಗುಂಡನೆಯ ಕಪ್ಪು ಬೀಜವನ್ನು ಪುಟ್ಟ ಪ್ಲಾಸ್ಟರ್‌ನಲ್ಲಿ ಅಂಟಿಸಿ, ಊಟಕ್ಕೆ ಮೊದಲು ಒತ್ತಿಕೊಳ್ಳಲು ಹೇಳುತ್ತಾರೆ. ಹೊಟ್ಟೆಯ ಕೆಲಸ ನೋಡಿಕೊಳ್ಳುವ ವೇಗಸ್ ನರದ ಒಂದು ಕವಲು ಕಿವಿಗೂ ಬರುತ್ತದೆ. ಆ ದಾರಿಯಲ್ಲಿ ಹಸಿವು ತಗ್ಗಬಹುದು ಎಂಬುದು ಇದರ ಹಿಂದಿನ ಊಹೆ.

ಊಹೆ ಎಂದೇ ಬೇಕಂತ ಬರೆದೆ. ಈ ಬಗ್ಗೆ ಅಧ್ಯಯನಗಳೇನೋ ಬಹಳ ನಡೆದಿವೆ. ತೂಕ, ಸೊಂಟದ ಸುತ್ತಳತೆ ಸ್ವಲ್ಪ ಇಳಿದದ್ದನ್ನು ಹಲವು ತೋರಿಸಿವೆ. ಆದರೆ ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ಎಷ್ಟೋ ಕಡೆ ಸೂಜಿಯ ಜೊತೆಗೆ ಊಟದ ಕಟ್ಟುನಿಟ್ಟೂ ಇತ್ತು. ಹಾಗಿದ್ದಾಗ ಇಳಿದದ್ದು ಯಾವುದರಿಂದ ಎಂದು ಹೇಳುವುದು ಕಷ್ಟ. ಮುಟ್ಟು ನಿಂತ ಮಹಿಳೆಯರನ್ನೇ ಆರಿಸಿ ಮಾಡಿದವಂತೂ ಇನ್ನೂ ಕಡಿಮೆ. ನನ್ನ ಅಭಿಪ್ರಾಯ ಇಷ್ಟು: ಇದು ಆಸರೆಯಾಗಬಹುದು, ಇದನ್ನೇ ನಂಬಿ ಕೂರಬೇಡಿ. ಒಂದು ತಿಂಗಳ ಭರವಸೆ ಕೊಡುವವರ ಹತ್ತಿರ ಹೋಗಲೇಬೇಡಿ.

ಆದರೂ ಮನಸ್ಸಿದ್ದರೆ, ತರಬೇತಿ ಪಡೆದವರ ಹತ್ತಿರ ಹೋಗಿ. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆದು ಸೂಜಿ ತೆಗೆಯಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಬೇಡ. ಕಿವಿಯ ಬೀಜವನ್ನು ಸಣ್ಣದು ಅಂತ ಕಡೆಗಣಿಸಬೇಡಿ. ಚರ್ಮ ಕೆಂಪಾದರೆ, ನೋವು ಬಂದರೆ ಆಗಲೇ ತೆಗೆಯಿರಿ. ಕಿವಿಯ ಮೃದು ಎಲುಬಿಗೆ ಸೋಂಕು ತಗುಲಿದರೆ ಕಿವಿಯ ಆಕಾರವೇ ಕೆಡಬಹುದು. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು.

ನಿಮಗೆ ನಿಜವಾಗಿ ಬೇಕಿರುವುದು ಸ್ನಾಯು ಉಳಿಸಿಕೊಳ್ಳುವ ಕೆಲಸ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರ ಎತ್ತುವ ಅಥವಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಪ್ರತಿ ಊಟದಲ್ಲೂ ಪ್ರೋಟೀನ್. ತೂಕಕ್ಕಿಂತ ಸೊಂಟದ ಅಳತೆ ಬರೆದಿಡಿ. ಏಷ್ಯಾದ ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಈಗಿನ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಬಿಪಿ, ಸಕ್ಕರೆ ಸುಧಾರಿಸುತ್ತವೆ. ಸೂಜಿಯನ್ನೂ ಇದರ ಜೊತೆಗೇ ಹನ್ನೆರಡು ವಾರ ನೋಡಿ. ಅಳತೆ ಕದಲದಿದ್ದರೆ ಸೂಜಿ ಬಿಟ್ಟುಬಿಡಿ, ನಡಿಗೆ ಬಿಡಬೇಡಿ.

ಶುರು ಮಾಡುವ ಮೊದಲು ಥೈರಾಯ್ಡ್, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆಯನ್ನು ಯಾರೇ ಹೇಳಿದರೂ ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ವೈದ್ಯರನ್ನು ಕೇಳಿ. ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ಬೇಗ ನೋಡಿ. ತೂಕ ಜಾಸ್ತಿ ಇದ್ದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಅಪಾಯ ಹೆಚ್ಚು, ಬೇಗ ಗೊತ್ತಾದರೆ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ.