ಹಳೇ ಬುಲೆಟ್‌ನ ಕ್ಯಾಮ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ಸರ್, ನಮ್ಮ ಅಪ್ಪ ಓಡಿಸುತ್ತಿದ್ದ 1998ರ ಬುಲೆಟ್ 350 ಈಗ ನನ್ನ ಹತ್ತಿರ ಇದೆ. ಕಬ್ಬಿಣದ ಬೋರಿನ ಹಳೇ ಇಂಜಿನ್, ಪಾಯಿಂಟ್ ಇರುವ ಗಾಡಿ. ಬಲಗಡೆಯಿಂದ ಟಕಟಕ ಶಬ್ದ ಜಾಸ್ತಿಯಾಗಿದೆ. ಟ್ಯಾಪೆಟ್ ಸೆಟ್ ಮಾಡಿಸಿದರೆ ಸ್ವಲ್ಪ ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕತೆ. ಘಾಟಿ ಏರುವಾಗ ಎಳೆತವೂ ಕಮ್ಮಿ. ಎರಡೂ ಕ್ಯಾಮ್ ಹೋಗಿವೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಪಾನಾ ಹಿಡಿದು ನನಗೆ ಅಭ್ಯಾಸ ಇದೆ, ಕ್ಲಚ್ ಪ್ಲೇಟ್ ನಾನೇ ಹಾಕಿದ್ದೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ? ಹೆಡ್ ಬಿಚ್ಚಬೇಕಾಗುತ್ತದಾ?
ಸಕಲೇಶಪುರದ ಓದುಗರು

ಉತ್ತರ: ಧಾರಾಳವಾಗಿ ಮಾಡಬಹುದು. ಹೆಡ್ ಬಿಚ್ಚುವ ಅಗತ್ಯವೇ ಇಲ್ಲ. ಈ ಇಂಜಿನ್‌ನಲ್ಲಿ ಕ್ಯಾಮ್‌ಗಳು, ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ಉಬ್ಬಿನ ಭಾಗಗಳು, ಹೆಡ್‌ನಲ್ಲಿಲ್ಲ, ಬಲಗಡೆಯ ಟೈಮಿಂಗ್ ಕವರ್ ಒಳಗೆ ಇವೆ, ಇನ್ಲೆಟ್‌ಗೆ ಒಂದು, ಎಕ್ಸಾಸ್ಟ್‌ಗೆ ಒಂದು. ಚೈನ್ ಇಲ್ಲ, ಗೇರ್‌ನಿಂದಲೇ ತಿರುಗುತ್ತವೆ. ನಿಜ ಹೇಳಬೇಕೆಂದರೆ ಕ್ಯಾಮ್ ತೆಗೆದು ಹಾಕುವುದು ಈ ಕೆಲಸದ ಸುಲಭದ ಭಾಗ. ಅವು ಯಾಕೆ ಸವೆದವು ಅಂತ ಹುಡುಕುವುದು ಮತ್ತು ಆಯಿಲ್ ದಾರಿಯನ್ನು ಸರಿಯಾಗಿ ಮುಚ್ಚುವುದು, ಅಸಲಿ ಕೆಲಸ ಈ ಎರಡೇ.

ಮೊದಲು ಕ್ಯಾಮ್ ನಿಜವಾಗಿಯೂ ಹೋಗಿದೆಯಾ ನೋಡಿ. ಟ್ಯಾಪೆಟ್ ಅಂದರೆ ಕ್ಯಾಮ್ ಮೇಲೆ ಕೂತು, ಪುಶ್ ರಾಡ್ ಮತ್ತು ರಾಕರ್ ಮೂಲಕ ವಾಲ್ವ್ ಒತ್ತುವ ಭಾಗ. ಸೆಟ್ ಮಾಡಿದ ಟ್ಯಾಪೆಟ್ ಮತ್ತೆ ಮತ್ತೆ ಸಡಿಲವಾಗುತ್ತದೆ ಎಂದರೆ ಎರಡು ಕಾರಣ ಇರಬಹುದು. ಒಂದು, ಲಾಕ್ ನಟ್ ಸರಿಯಾಗಿ ಹಿಡಿಯುತ್ತಿಲ್ಲ. ಇನ್ನೊಂದು, ಕ್ಯಾಮ್ ಅಥವಾ ಟ್ಯಾಪೆಟ್ ಪಾದದ ಗಟ್ಟಿ ಪದರ ಹೋಗಿದೆ, ಅದರ ಕೆಳಗಿನ ಮೆತ್ತಗಿನ ಲೋಹ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತಿದೆ. ಘಾಟಿಯಲ್ಲಿ ಎಳೆತ ಕಮ್ಮಿ ಅಂತ ಬೇರೆ ಹೇಳಿದ್ದೀರಿ, ವಾಲ್ವ್ ಪೂರ್ತಿ ತೆರೆಯದಿದ್ದರೆ ಹಾಗೆ ಆಗುತ್ತದೆ, ಹಾಗಾಗಿ ನನ್ನ ಅನುಮಾನವೂ ಕ್ಯಾಮ್ ಮೇಲೆಯೇ. ಆದರೂ ರಾಕರ್ ಕವರ್ ಬಿಚ್ಚಿದಾಗ ರಾಕರ್ ತುದಿ ನೋಡಿ, ಪುಶ್ ರಾಡ್‌ಗಳನ್ನು ತೆಗೆದು ಗಾಜಿನ ಮೇಲೆ ಉರುಳಿಸಿ. ಬಗ್ಗಿದ ರಾಡ್ ಅಲ್ಲೇ ಗೊತ್ತಾಗುತ್ತದೆ.

ಸಾಮಾನು ಕೊಳ್ಳುವಾಗ ಒಂದು ವಿಷಯದಲ್ಲಿ ಜಿಪುಣತನ ಬೇಡ: ಕ್ಯಾಮ್ ಹೊಸದಾದರೆ ಎರಡು ಟ್ಯಾಪೆಟ್‌ಗಳೂ ಹೊಸದೇ ಆಗಬೇಕು. ಗುಳಿ ಬಿದ್ದ ಹಳೇ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಓಡಿಸಿದರೆ ಅದು ಹೊಸ ಕ್ಯಾಮನ್ನೂ ಬೇಗ ತಿಂದುಹಾಕುತ್ತದೆ. ಬೆಂಗಳೂರಿನ ಜೆ.ಸಿ. ರೋಡ್‌ನಂಥ ಕಡೆ ಹುಡುಕಿದರೆ ಈ ಗಾಡಿಯ ಭಾಗಗಳು ಸಿಗುತ್ತವೆ, ಆದರೆ ನಕಲಿಯೂ ಜೊತೆಗೇ ಇರುತ್ತದೆ. ಸಣ್ಣ ಅರವೊಂದನ್ನು ತೆಗೆದುಕೊಂಡು, ಟ್ಯಾಪೆಟ್ ತಾಗದ ಅಂಚಿನಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಅರ ಜಾರಿದರೆ ಗಟ್ಟಿ ಇದೆ, ಕಚ್ಚಿದರೆ ವಾಪಸ್ ಕೊಡಿ. ಹಳೇ ಕ್ಯಾಮ್ ಜೊತೆಗಿಟ್ಟು ಮೂಗಿನಿಂದ (ಉಬ್ಬಿದ ತುದಿಯಿಂದ) ಬೆನ್ನಿನವರೆಗಿನ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದರೆ ಎಷ್ಟು ಸವೆದಿದೆ ಅಂತಲೂ ತಿಳಿಯುತ್ತದೆ. ಇದರ ಜೊತೆ ಟೈಮಿಂಗ್ ಕವರ್‌ನ ಪೇಪರ್ ಪ್ಯಾಕಿಂಗ್, ರಾಕರ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್ ತನ್ನಿ. ಇನ್ನೊಂದು ಚಿಕ್ಕ ಸಾಮಾನು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಬಿಚ್ಚುವ ಕ್ರಮ ಹೀಗೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬ್ಯಾಟರಿ ವೈರ್ ಕಳಚಿ, ಆಯಿಲ್ ಪೂರ್ತಿ ಇಳಿಸಿ. ಪ್ಲಗ್ ಬಿಚ್ಚಿಟ್ಟು ಟಾಪ್ ಗೇರ್ ಹಾಕಿದರೆ ಹಿಂದಿನ ಚಕ್ರ ತಿರುಗಿಸಿಯೇ ಇಂಜಿನ್ ತಿರುಗಿಸಬಹುದು, ಕಿಕ್ಕರ್‌ಗಿಂತ ಇದು ಎಷ್ಟೋ ಹಿಡಿತದಲ್ಲಿರುತ್ತದೆ. ಸೈಲೆನ್ಸರ್ ಬೆಂಡ್, ಫುಟ್‌ರೆಸ್ಟ್ ಅಡ್ಡ ಬಂದರೆ ತೆಗೆಯಿರಿ. ಮೇಲೆ ರಾಕರ್‌ಗಳನ್ನು ಬಿಚ್ಚಿ ಪುಶ್ ರಾಡ್ ಎತ್ತಿಕೊಳ್ಳಿ, ಯಾವುದು ಇನ್ಲೆಟ್ ಯಾವುದು ಎಕ್ಸಾಸ್ಟ್ ಅಂತ ಚೀಟಿ ಕಟ್ಟಿಡಿ. ಆಮೇಲೆ ಟೈಮಿಂಗ್ ಕವರ್. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಆದ್ದರಿಂದ ರಟ್ಟಿನ ಮೇಲೆ ಕವರ್ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಕವರ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಸಂದಿಗೆ ಸ್ಕ್ರೂ ಡ್ರೈವರ್ ಮಾತ್ರ ಹಾಕಬೇಡಿ, ಅಲ್ಲಿ ಬಿದ್ದ ಗೀರಿನಿಂದ ಆಮೇಲೆ ಜೀವನಪೂರ್ತಿ ಆಯಿಲ್ ಸೋರುತ್ತದೆ.

ಕವರ್ ತೆಗೆದರೆ ಗೇರ್‌ಗಳ ಸಾಲು ಕಾಣುತ್ತದೆ. ಕ್ರ್ಯಾಂಕಿನ ಪಿನಿಯನ್ ಮತ್ತು ಎರಡು ಕ್ಯಾಮ್ ಗೇರ್‌ಗಳ ಮೇಲೆ ಚುಕ್ಕೆ, ಗೆರೆ ಗುರುತು ಇರುತ್ತದೆ. ಚಕ್ರ ನಿಧಾನವಾಗಿ ತಿರುಗಿಸಿ ಚುಕ್ಕೆಗೆ ಚುಕ್ಕೆ, ಗೆರೆಗೆ ಗೆರೆ ಎದುರಾಗುವಂತೆ ನಿಲ್ಲಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರುತ್ತದೆ, ಹಾಗಾಗಿ ಮೊದಲ ಸುತ್ತಿನಲ್ಲಿ ಸಿಗದಿದ್ದರೆ ಗಾಬರಿ ಬೇಡ. ಇದರ ಫೋಟೋ ತೆಗೆಯಿರಿ. ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್ಚು) ಕಡೆಗೆ ಹೋಗುವ ಐಡ್ಲರ್ ಗೇರ್‌ಗಳ ಹಲ್ಲಿಗೂ ಬಣ್ಣದ ಚುಕ್ಕೆ ಇಡಿ, ಅವು ಅಲುಗಿದರೆ ಇಗ್ನಿಷನ್ ಟೈಮಿಂಗ್ ತಪ್ಪುತ್ತದೆ. ಈಗ ಕ್ಯಾಮ್‌ಗಳು ತಮ್ಮ ಸ್ಪಿಂಡಲ್ ಮೇಲಿಂದ ಜಾರಿ ಹೊರಗೆ ಬರುತ್ತವೆ. ಹಿಂದೆ ತೆಳು ವಾಷರ್ ಇದ್ದರೆ ಅದು ಆಯಿಲ್‌ಗೆ ಅಂಟಿಕೊಂಡು ಬಂದು ಎಲ್ಲೋ ಬಿದ್ದುಹೋಗಬಹುದು, ನೋಡಿಕೊಳ್ಳಿ. ಟ್ಯಾಪೆಟ್‌ಗಳ ಪಾದ ಅಗಲ ಇರುವುದರಿಂದ ಅವು ಮೇಲಕ್ಕೆ ಬರುವುದಿಲ್ಲ. ಮೇಲಿನ ಅಡ್ಜಸ್ಟರ್ ಬಿಚ್ಚಿದ ಮೇಲೆ ಕೆಳಕ್ಕೆ ಇಳಿಸಿ ತೆಗೆಯಬೇಕು. ಪಿನಿಯನ್ ಕೂಡ ಬದಲಾಯಿಸುವುದಾದರೆ ಒಂದು ಎಚ್ಚರಿಕೆ: ಅದರ ಮುಂದಿರುವ, ಆಯಿಲ್ ಪಂಪ್ ತಿರುಗಿಸುವ ವರ್ಮ್ ನಟ್ ಎಡ ಮರೆಯದು (ಉಲ್ಟಾ ಥ್ರೆಡ್), ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ಎಡಕ್ಕೆ ಎಳೆದು ಮರೆ ಕೆಡಿಸಿದ ಕ್ರ್ಯಾಂಕ್‌ಗಳು ಎಷ್ಟೋ ಇವೆ. ಸುಮ್ನೆ ಬರೀ ಕ್ಯಾಮ್ ಹಾಕುವುದಾದರೆ ಅದನ್ನು ಮುಟ್ಟಲೇ ಬೇಡಿ.

ಇಲ್ಲಿ ಸ್ವಲ್ಪ ನಿಂತು ಸವೆತದ ಕಾರಣ ಹುಡುಕಿ. ಫಿಲ್ಟರ್‌ನಲ್ಲಿ, ಆಯಿಲ್‌ನಲ್ಲಿ ಹೊಳೆಯುವ ಪುಡಿ ಇದೆಯಾ? ಇದ್ದರೆ ಎಲ್ಲವನ್ನೂ ತೊಳೆಯಿರಿ, ಹಳೇ ಪುಡಿಯಲ್ಲೇ ಹೊಸ ಕ್ಯಾಮ್ ಓಡಿಸಬಾರದು. ಸ್ಪಿಂಡಲ್ ಮೇಲೆ ಗೀರು ಬಿದ್ದಿದೆಯಾ, ಹೊಸ ಕ್ಯಾಮಿನ ಬುಷ್ ಅದರ ಮೇಲೆ ಅಲುಗಾಡುತ್ತದಾ ನೋಡಿ. ಜಾಸ್ತಿ ಅಲುಗಾಡಿದರೆ ಅದು ಲೇತ್ ಕೆಲಸ ಗೊತ್ತಿರುವವರಿಗೆ ಹೋಗಬೇಕು, ಮನೆಯಲ್ಲಿ ಸುತ್ತಿಗೆಯಿಂದ ಆಗುವುದಿಲ್ಲ.

ಜೋಡಿಸುವಾಗ ಕ್ಯಾಮ್ ಮೂಗಿಗೆ, ಟ್ಯಾಪೆಟ್ ಪಾದಕ್ಕೆ, ಬುಷ್ ಒಳಗೆ ದಪ್ಪ ಆಯಿಲ್ ಅಥವಾ ಅಸೆಂಬ್ಲಿ ಗ್ರೀಸ್ ಧಾರಾಳವಾಗಿ ಹಚ್ಚಿ. ಗುರುತು ಮತ್ತೆ ಕೂಡಿಸಿ, ಚಕ್ರ ತಿರುಗಿಸಿ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಸುತ್ತಿಸಿ, ಗುರುತು ಅದೇ ಜಾಗಕ್ಕೆ ಬಂತಾ ನೋಡಿ. ಒಂದು ಹಲ್ಲು ತಪ್ಪಿದರೂ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಳೆಯುವುದೂ ಇಲ್ಲ.

ಈಗ ಆ ಚಿಕ್ಕ ಸಾಮಾನು. ಈ ಇಂಜಿನ್‌ನಲ್ಲಿ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್‌ಗೆ) ಹೋಗುವ ಆಯಿಲ್, ಟೈಮಿಂಗ್ ಕವರ್‌ನಿಂದ ಕ್ರ್ಯಾಂಕಿನ ತುದಿಯ ತೂತಿಗೆ ದಾಟುತ್ತದೆ. ಆ ಜಾಗದಲ್ಲಿ ಕವರ್ ಒಳಗೆ ಒಂದು ಪುಟ್ಟ ಸೀಲ್ ಇದೆ, ಹಳೇ ಗಾಡಿಗಳಲ್ಲಿ ಬಿರಡೆ ಕಾರ್ಕಿನದು. ಅದು ಹರಿದಿದ್ದರೆ ಆಯಿಲ್ ಕ್ರ್ಯಾಂಕಿಗೆ ಹೋಗದೆ ಅಲ್ಲೇ ಸುರಿದುಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ, ಬಿಗ್ ಎಂಡ್ ಮಾತ್ರ ಹೋಗುತ್ತದೆ. ಕವರ್ ತೆಗೆದಾಗಲೆಲ್ಲ ಇದನ್ನು ಹೊಸದು ಹಾಕಿ, ದಯವಿಟ್ಟು. ಮುಚ್ಚುವ ಮುಂಚೆ ಆಯಿಲ್ ಕ್ಯಾನ್‌ನಿಂದ ಕ್ರ್ಯಾಂಕ್ ತುದಿಯ ತೂತಿಗೆ ಆಯಿಲ್ ಹೊಡೆಯಿರಿ. ಪೇಪರ್ ಪ್ಯಾಕಿಂಗ್‌ನ ತೂತುಗಳು ಕವರ್‌ನ ಆಯಿಲ್ ದಾರಿಗೆ ಸರಿಯಾಗಿ ಕೂತಿವೆಯಾ ನೋಡಿ, ಸಿಲಿಕಾನ್ ಅಂಟು ಬಳಿಯಬೇಡಿ, ಅದು ಒಳಗೆ ಹಿಂಡಿಕೊಂಡು ದಾರಿ ಮುಚ್ಚುತ್ತದೆ. ಕವರ್ ಪೂರ್ತಿ ಕೂರದಿದ್ದರೆ ಪಂಪಿನ ಗೇರ್ ವರ್ಮ್‌ಗೆ ಸಿಕ್ಕಿಲ್ಲ ಎಂದರ್ಥ. ಚಕ್ರ ಸ್ವಲ್ಪ ಅಲುಗಿಸುತ್ತಾ ಒತ್ತಿ, ಸ್ಕ್ರೂ ಬಿಗಿದು ಎಳೆಯಬೇಡಿ.

ಟ್ಯಾಪೆಟ್ ಸೆಟ್ಟಿಂಗ್ ಇಂಜಿನ್ ತಣ್ಣಗಿರುವಾಗಲೇ ಮಾಡಿ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಿರಬೇಕು. ಪುಶ್ ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಶಬ್ದ ಬರಬಾರದು ಅಂತ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇಟ್ಟು ಇಗ್ನಿಷನ್ ಟೈಮಿಂಗನ್ನೂ ಒಮ್ಮೆ ನೋಡಿ.

ಮೊದಲ ಸ್ಟಾರ್ಟ್‌ಗೆ ಮುಂಚೆ ಹೊಸ ಆಯಿಲ್ ತುಂಬಿ, ಪ್ಲಗ್ ಇಲ್ಲದೆ ಒಂದಷ್ಟು ಕಿಕ್ ಹೊಡೆದು ಆಯಿಲ್ ಏರಿಸಿ. ಸ್ಟಾರ್ಟ್ ಆದ ತಕ್ಷಣ ರಾಕರ್‌ಗೆ ಹೋಗುವ ಆಯಿಲ್ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಆಯಿಲ್ ಜಿನುಗಿದರೆ ಬಿಗಿಯಿರಿ. ಜಿನುಗದಿದ್ದರೆ ಆ ಕ್ಷಣವೇ ಆಫ್ ಮಾಡಿ. ಆಮೇಲೆ ಗುಡುಗುಡು ಐಡ್ಲಿಂಗ್‌ನಲ್ಲಿ ಬಿಡಬೇಡಿ, ಕೇಳಲು ಚೆಂದ ಇದ್ದರೂ ಹೊಸ ಕ್ಯಾಮ್‌ಗೆ ಅದು ಒಳ್ಳೆಯದಲ್ಲ. ಸ್ವಲ್ಪ ಎಕ್ಸಲರೇಟರ್ ಕೊಟ್ಟು ಓಡಿಸಿ, ಕ್ಯಾಮ್ ಮತ್ತು ಟ್ಯಾಪೆಟ್ ಪಾದ ಒಂದಕ್ಕೊಂದು ಪಳಗುವುದು ಆ ಮೊದಲ ಹತ್ತಿಪ್ಪತ್ತು ನಿಮಿಷದಲ್ಲೇ. ಒಂದೆರಡು ದಿನ ಓಡಿಸಿದ ಮೇಲೆ ಟ್ಯಾಪೆಟ್ ಮತ್ತೆ ನೋಡಿ, ಆಯಿಲನ್ನೂ ಬೇಗ ಬದಲಾಯಿಸಿ.

ಪ್ರಶ್ನೆ: ನನ್ನದು ಟೈಮಿಂಗ್ ಚೈನ್ ಇರುವ 150 ಸಿಸಿ ಗಾಡಿ. ಅದಕ್ಕೂ ಇದೇ ಕ್ರಮವಾ?
ದಾವಣಗೆರೆಯ ಓದುಗರು

ಉತ್ತರ: ಅಲ್ಲ, ನಿಮ್ಮ ಗಾಡಿಯಲ್ಲಿ ಕ್ಯಾಮ್ ಹೆಡ್‌ನಲ್ಲೇ ಇದೆ. ಮ್ಯಾಗ್ನೆಟ್ ಮೇಲಿನ ‘ಟಿ’ ಗುರುತನ್ನು ಕಿಂಡಿಯ ಗೆರೆಗೆ ತಂದು, ಕ್ಯಾಮ್ ಸ್ಪ್ರಾಕೆಟ್ ಗುರುತನ್ನೂ ನೋಡಿಕೊಂಡು, ಮೊದಲು ಚೈನ್ ಟೆನ್ಷನರ್ ತೆಗೆಯಬೇಕು. ಸ್ಪ್ರಾಕೆಟ್ ಬಿಚ್ಚುವ ಮುಂಚೆ ಚೈನನ್ನು ತಂತಿಯಲ್ಲಿ ಕಟ್ಟಿ ಮೇಲೆ ಎಲ್ಲಿಗಾದರೂ ಬಿಗಿಯಿರಿ, ಚೈನ್ ಇಳಿಯುವ ತೂತಿಗೆ ಬಟ್ಟೆ ತುರುಕಿ. ಅದರೊಳಗೆ ಒಂದು ಬೋಲ್ಟ್ ಬಿದ್ದರೆ ಕೆಲಸ ದುಪ್ಪಟ್ಟಾಗುತ್ತದೆ. ಕ್ಯಾಮ್ ಜೊತೆ ರಾಕರ್‌ಗಳನ್ನು, ಕ್ಯಾಮಿನ ಬೇರಿಂಗ್‌ಗಳನ್ನು ನೋಡಿ, ಸವೆದಿದ್ದರೆ ಒಟ್ಟಿಗೇ ಹಾಕಿ. ಎರಡು ಕ್ಯಾಮ್ ಇರುವ ಹೆಡ್ ಆದರೆ ಅವುಗಳ ಮೇಲಿನ ಕ್ಯಾಪ್ ಬೋಲ್ಟ್‌ಗಳನ್ನು ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದೇ ಕಡೆ ಬಿಚ್ಚಿದರೆ ವಾಲ್ವ್ ಸ್ಪ್ರಿಂಗ್ ಎತ್ತುವ ಬಲಕ್ಕೆ ಕ್ಯಾಪ್ ಸೀಳಬಹುದು, ಆ ಕ್ಯಾಪ್ ಬೇರೆಯಾಗಿ ಸಿಗುವುದಿಲ್ಲ, ಹೆಡ್ಡೇ ಬದಲಾಯಿಸಬೇಕು. ಬಿಗಿಯುವಾಗ ಟಾರ್ಕ್ ವ್ರೆಂಚ್ ಇಲ್ಲದೆ ಕೈ ಹಾಕಬೇಡಿ. ಟೆನ್ಷನರ್ ವಾಪಸ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತಿದೆ ಅಂತ ತಿಳಿದು ಅಲ್ಲೇ ನಿಲ್ಲಿಸಿ, ಗುರುತು ಮತ್ತೆ ಮೊದಲಿನಿಂದ ನೋಡಿ.