ನಾಯಿಗೆ ಡಾಕ್ ಜಂಪಿಂಗ್ ಕಲಿಸಲು ಎಲ್ಲಿಂದ ಶುರು ಮಾಡಬೇಕು?

ಜಿಗಿತದಿಂದಲ್ಲ, ಈಜಿನಿಂದ. ಸ್ಪರ್ಧೆಯ ಡಾಕ್ (ನೀರಿನ ಅಂಚಿನಲ್ಲಿರುವ ವೇದಿಕೆ) ಸಾಮಾನ್ಯವಾಗಿ 40 ಅಡಿ ಉದ್ದ, ನೀರಿನಿಂದ 2 ಅಡಿ ಎತ್ತರ ಇರುತ್ತದೆ. ನಾಯಿ ಅದರ ಮೇಲೆ ಓಡಿಬಂದು ಆಟಿಕೆಯ ಬೆನ್ನಟ್ಟಿ ನೀರಿಗೆ ಹಾರಬೇಕು. ಅಭ್ಯಾಸಕ್ಕೆ ನೀರು ಕನಿಷ್ಠ 4 ಅಡಿ ಆಳವಿರಲಿ.

ಮೊದಲು ಲೈಫ್ ಜಾಕೆಟ್ ಹಾಕಿ, ಇಳಿಜಾರಿನ ಕಡೆಯಿಂದ ಅದು ತಾನಾಗಿಯೇ ನೀರಿಗಿಳಿಯಲಿ. ಹೊರಬರುವ ರ‍್ಯಾಂಪ್ ಎಲ್ಲಿದೆ ಎಂಬುದನ್ನು ಜಿಗಿತಕ್ಕಿಂತ ಮುಂಚೆಯೇ ಕಲಿಸಿ. ಇದನ್ನು ಬಿಟ್ಟರೆ ಗಾಬರಿಯಾದ ನಾಯಿ ನೇರವಾಗಿ ಡಾಕಿನತ್ತ ಈಜಿ, ಗೋಡೆ ಕೆರೆಯುತ್ತಾ ದಣಿಯುತ್ತದೆ. ಯಾವ ಕಾರಣಕ್ಕೂ ತಳ್ಳಬೇಡಿ, ಎತ್ತಿ ಎಸೆಯಬೇಡಿ. ಒಮ್ಮೆ ಹೆದರಿದರೆ ಆ ಹೆದರಿಕೆ ಬಿಡಿಸಲು ತಿಂಗಳುಗಳೇ ಹಿಡಿಯಬಹುದು.

ತೇಲುವ ಆಟಿಕೆಯನ್ನು ಅಂಚಿನಿಂದ 3–4 ಅಡಿ ದೂರಕ್ಕೆ ಎಸೆದು ನಿಂತಲ್ಲಿಂದಲೇ ಹಾರಿಸಿ. ಹಿಂಜರಿಯದೆ ಹಾರತೊಡಗಿದ ಮೇಲೆ ಓಟವನ್ನು ಐದೈದು ಅಡಿ ಹೆಚ್ಚಿಸಿ. ಅಂಚಿಗೆ ಬಂದು ಬ್ರೇಕ್ ಹಾಕಿದರೆ ಓಟ ಉದ್ದವಾಯಿತು ಎಂದರ್ಥ, ಹಿಂದಿನ ಹಂತಕ್ಕೆ ಮರಳಿ. ಆಟಿಕೆ ನಾಯಿಯ ಮೂಗಿಗಿಂತ ತುಸು ಮುಂದೆ, ಮೇಲ್ಮುಖವಾಗಿ ಹೋಗಬೇಕು. ಕೆಳಕ್ಕೆ ಎಸೆದರೆ ನಾಯಿಯೂ ಕೆಳಕ್ಕೇ ಬೀಳುತ್ತದೆ. ಈ ಎಸೆತವನ್ನು ನಾಯಿಯಿಲ್ಲದೆ ನೀವೊಬ್ಬರೇ ಅಭ್ಯಾಸ ಮಾಡುವುದು ಒಳ್ಳೆಯದು.

ಒಂದು ಸಲಕ್ಕೆ 10–15 ನಿಮಿಷ ಸಾಕು. ಬಾಯಿ ತೆರೆದು ಹಾರುವ ನಾಯಿ ಬಹಳ ನೀರು ನುಂಗುತ್ತದೆ; ವಾಂತಿ, ಜೊಲ್ಲು, ತೂರಾಟ ಕಂಡರೆ ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಮರಿಗಳಿಗೆ ಈಜು ಮಾತ್ರ ಸಾಕು, ಮೂಳೆ ಬಲಿಯುವವರೆಗೆ ಪದೇ ಪದೇ ಹಾರಿಸಬೇಡಿ.